ಎಸೆಯುವ ಕತ್ತಿ ಕೊಳ್ಳುವ ಮುಂಚೆ ನಾನು ಕಲಿತದ್ದು

ಬೆಲ್ಜಿಯಂನ ಬ್ರಸೆಲ್ಸ್‌ಗೆ ಕೆಲಸಕ್ಕೆ ಬಂದ ಮೊದಲ ವರ್ಷವೇ ಆಫ್ರಿಕಾದ ಕಾಂಗೋ ಕಡೆಯ ಒಂದು ಎಸೆಯುವ ಕತ್ತಿ ತಗೊಂಡು ಮೋಸ ಹೋದೆ. ನೂರು ವರ್ಷ ಹಳೆಯದು ಅಂದಿದ್ದ ಅಂಗಡಿಯವನು. ಮೈತುಂಬ ತುಕ್ಕು, ಮೂರು ದಿಕ್ಕಿಗೆ ಚಾಚಿದ ಅಲಗು, ಹಿಡಿಗೆ ಸುತ್ತಿದ ನಾರು. ಮನೆಗೆ ತಂದು ಕಿಟಕಿ ಹತ್ತಿರ ಅಂಚನ್ನು ನೋಡಿದೆ. ಹಿಡಿಯಿಂದ ತುದಿಯವರೆಗೂ ದಪ್ಪ ಒಂದೇ ಸಮ! ಎದೆ ಧಸಕ್ಕೆಂದಿತು. ಕಾರ್ಖಾನೆಯ ಉಕ್ಕಿನ ಹಾಳೆಯನ್ನು ಗ್ರೈಂಡರ್‌ನಲ್ಲಿ ಕತ್ತರಿಸಿ, ಆಸಿಡ್ ಹಚ್ಚಿ ತುಕ್ಕು ಬರಿಸಿದ್ದರು.

ನಾನು ತಾತನ ಕುಲುಮೆಯಲ್ಲಿ ತಿದಿ ಒತ್ತಿ ಬೆಳೆದವನು. ಬಡಿದು ಮಾಡಿದ ಕುಡುಗೋಲಿನ ಬೆನ್ನು ದಪ್ಪ, ಬಾಯಿ ತೆಳು. ಒಂದೊಂದು ಗೇಣಿಗೂ ದಪ್ಪ ಬದಲಾಗುತ್ತೆ. ಆಫ್ರಿಕಾದ ಕಮ್ಮಾರನೂ ಕಬ್ಬಿಣವನ್ನು ಬಡಿದೇ ಮಾಡುವುದು, ಅಲ್ವಾ? ಅಷ್ಟು ದುಡ್ಡು ಕೊಡುವ ಮೊದಲು ಬೆರಳಲ್ಲಿ ಒಂದು ಸಲ ಸವರಿ ನೋಡಬೇಕಿತ್ತು.

ಅದಾದ ಮೇಲೆ ಆರು ತಿಂಗಳು ಏನೂ ಕೊಳ್ಳಲಿಲ್ಲ. ಭಾನುವಾರ ಬಂತೆಂದರೆ 44ನೇ ನಂಬರಿನ ಟ್ರಾಮ್ ಹತ್ತಿ ಟೆರ್ವೂರೆನ್‌ನ ಆಫ್ರಿಕಾ ಮ್ಯೂಸಿಯಂಗೆ ಹೋಗುತ್ತಿದ್ದೆ. ಸುಮ್ನೆ ನೋಡುವುದು, ಪೆನ್ಸಿಲ್‌ನಲ್ಲಿ ಬರೆದುಕೊಳ್ಳುವುದು. ಉತ್ತರ ಕಾಂಗೋದ ಜಾಂಡೆ ಜನ ಈ ಕತ್ತಿಗೆ 'ಕ್ಪಿಂಗಾ' ಅನ್ನುತ್ತಾರೆ. ಹೆಣೆದ ಗುರಾಣಿಯ ಒಳಬದಿಗೆ ಇಂಥವನ್ನು ಸಿಕ್ಕಿಸಿಕೊಂಡು ಯುದ್ಧಕ್ಕೆ ಹೋಗುತ್ತಿದ್ದರು. ಎಸೆದಾಗ ಅದು ಗರಗರ ತಿರುಗುತ್ತ ಹೋಗುತ್ತೆ. ಅಲಗುಗಳು ಬೇರೆ ಬೇರೆ ದಿಕ್ಕಿಗೆ ಇರುವುದರಿಂದ, ಹೇಗೆ ಬಿದ್ದರೂ ಯಾವುದಾದರೊಂದು ತಾಗುತ್ತೆ. ಚಾಡ್ ದೇಶದ ಸಾರಾ ಜನರ ಕತ್ತಿಗೆ ರೂಪವೇ ಬೇರೆ. ಅದು ಉದ್ದ ಕೋಲಿನ ಹಾಗೆ, ಮಧ್ಯೆ ಪಕ್ಕಕ್ಕೊಂದು ಮುಳ್ಳು. ಗಬಾನಿನ ಕೋಟಾ ಜನರದು ಹಕ್ಕಿಯ ತಲೆಯ ಆಕಾರ. ಮಂಗ್ಬೆಟು ಜನರ ಕುಡುಗೋಲಿನಂಥ 'ತ್ರುಂಬಾಶ್' ಅನ್ನೂ ಎಸೆಯುವ ಕತ್ತಿ ಅಂತ ಮಾರುತ್ತಾರೆ. ಅದು ಎಸೆಯುವುದಕ್ಕಲ್ಲ, ಅಂತಸ್ತು ತೋರಿಸುವುದಕ್ಕೆ ಹಿಡಿಯುತ್ತಿದ್ದದ್ದು.

ಎಲ್ಲವೂ ಯುದ್ಧಕ್ಕೇ ಮಾಡಿದ್ದಲ್ಲ. ಕೆಲವನ್ನು ಮದುವೆಯಲ್ಲಿ ಹೆಣ್ಣಿನ ಮನೆಗೆ ವಧುದಕ್ಷಿಣೆಯಾಗಿ ಕೊಡುತ್ತಿದ್ದರು, ದುಡ್ಡಿನ ಹಾಗೆ ಚಲಾಯಿಸುತ್ತಿದ್ದರು. ಹಾಗಾಗಿ ಬಾಯಿ ಮೊಂಡಾಗಿದೆ ಅಂದ ಮಾತ್ರಕ್ಕೆ ನಕಲಿ ಅನ್ನಬೇಡಿ.

ಕೊನೆಗೆ ಮಾರೋಲ್ ಪೇಟೆಯ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಸಿಕ್ಕಿತು. ಬೀಗ, ಚಮಚಗಳ ಡಬ್ಬದ ಕೆಳಗೆ ಮಲಗಿತ್ತು. 41 ಸೆಂಟಿಮೀಟರ್ ಉದ್ದ. ಕೈಗೆತ್ತಿಕೊಂಡು ಕಣ್ಣು ಮುಚ್ಚಿ ಹೆಬ್ಬೆರಳು ಓಡಿಸಿದೆ. ಹಿಡಿಯ ಹತ್ತಿರ ದಪ್ಪ, ಅಲಗು ಕವಲೊಡೆಯುವ ಕಡೆ ಇನ್ನೂ ಸ್ವಲ್ಪ ಉಬ್ಬು, ತುದಿಗೆ ಹೋಗುತ್ತ ಎಲೆಯಷ್ಟು ತೆಳು. ಓರೆ ಬೆಳಕಿಗೆ ಹಿಡಿದರೆ ಸುತ್ತಿಗೆ ಏಟುಗಳು ನೀರಿನ ಮೇಲಿನ ಸಣ್ಣ ಅಲೆಗಳ ಹಾಗೆ ಕಂಡವು. ಕವಲಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ. ಕಬ್ಬಿಣದ ಕಿಟ್ಟ ಪೂರ್ತಿ ಹೋಗದೆ ಒಳಗೇ ಉಳಿದರೆ ಬರುವ ಗೆರೆ ಅದು. ತಾತ ಅಂಥದ್ದನ್ನು ನೋಡಿದರೆ ಮತ್ತೆ ಒಲೆಗೆ ಹಾಕುತ್ತಿದ್ದರು. ನನಗೆ ಮಾತ್ರ ಆ ಗೆರೆ ನೋಡಿ ಕಣ್ಣು ತುಂಬಿ ಬಂತು.

ತೊಳೆಯುವ, ಹೊಳೆಯಿಸುವ ಆಸೆ ಎಲ್ಲರಿಗೂ ಆಗುತ್ತೆ. ದಯವಿಟ್ಟು ಮರಳು ಕಾಗದ ಹಿಡಿಯಬೇಡಿ. ವರ್ಷಗಟ್ಟಲೆ ಕೂತ ಕಂದುಗಪ್ಪು ಬಣ್ಣ ಒಮ್ಮೆ ಹೋದರೆ ವಾಪಸ್ ಬರುವುದಿಲ್ಲ. ನಾನು ಒಣ ಬ್ರಶ್‌ನಿಂದ ಧೂಳು ತೆಗೆದೆ. ಪುಡಿಪುಡಿಯಾಗಿ ಉದುರುತ್ತಿದ್ದ ಕೆಂಪು ತುಕ್ಕನ್ನು ಬಹಳ ನಯವಾದ ಸ್ಟೀಲ್ ವುಲ್‌ಗೆ ಒಂದು ಹನಿ ಎಣ್ಣೆ ಹಾಕಿ ಮೆಲ್ಲಗೆ ಉಜ್ಜಿದೆ. ಎಣ್ಣೆ ಒರೆಸಿ ತೆಗೆದು, ಮ್ಯೂಸಿಯಂಗಳಲ್ಲಿ ಬಳಸುವ ಮೇಣವನ್ನು ತೆಳ್ಳಗೆ ಸವರಿದೆ. ಹಿಡಿಯ ನಾರಿಗೆ ಎಣ್ಣೆ ಸೋಕಿಸಲಿಲ್ಲ. ನಾರು ಎಣ್ಣೆ ಕುಡಿದರೆ ಕಪ್ಪಾಗಿ, ಧೂಳು ಹಿಡಿದು ಅಂಟಂಟಾಗುತ್ತೆ. ಬಿಚ್ಚಿಕೊಂಡ ಒಂದು ಎಳೆಯನ್ನು ಹಾಗೇ ಬಿಟ್ಟಿದ್ದೇನೆ.

ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಕಾಡುತ್ತೆ. ಕಾಂಗೋ 1885ರಿಂದ 1908ರವರೆಗೆ ಬೆಲ್ಜಿಯಂ ರಾಜ ಎರಡನೇ ಲಿಯೊಪೋಲ್ಡನ ಸ್ವಂತ ಸ್ವತ್ತಿನಂತಿತ್ತು, ಆಮೇಲೆ 1960ರವರೆಗೆ ಬೆಲ್ಜಿಯಂ ವಸಾಹತು. ಆಗ ಬಂದ ವಸ್ತುಗಳಲ್ಲಿ ಎಷ್ಟೋ ಕಿತ್ತುಕೊಂಡು ತಂದವು. 2022ರಲ್ಲಿ ಬೆಲ್ಜಿಯಂ ಸರ್ಕಾರ ಟೆರ್ವೂರೆನ್‌ನಲ್ಲಿರುವ ಸುಮಾರು 84,000 ವಸ್ತುಗಳ ಪಟ್ಟಿಯನ್ನು ಕಾಂಗೋಗೆ ಒಪ್ಪಿಸಿತು. ಅಂಥವನ್ನು ಹಿಂದಿರುಗಿಸಲು ಕಾನೂನನ್ನೂ ಅದೇ ವರ್ಷ ಮಾಡಿತು. ಸಂತೆಯ ಮುದುಕಿಯನ್ನು ಇದು ಎಲ್ಲಿಂದ ಬಂತಮ್ಮ ಅಂತ ಕೇಳಿದ್ದೆ. ಯಾರದೋ ಮನೆ ಖಾಲಿ ಮಾಡುವಾಗ ಸಿಕ್ಕಿದ್ದು ಅಂದಳು. ಅಷ್ಟೇ. ಕೊಂಡ ತಾರೀಕು, ಜಾಗ, ಅವಳು ಹೇಳಿದ ಮಾತು, ಎರಡೂ ಮಗ್ಗುಲ ಫೋಟೋ ಎಲ್ಲ ಒಂದು ಕಾರ್ಡಿನಲ್ಲಿ ಸೇರಿಸಿ ಕತ್ತಿಯ ಜೊತೆಗೇ ಇಟ್ಟಿದ್ದೇನೆ. ಹೋದ ತಿಂಗಳು ಒಂದು ಚೆಂದದ ಸಾರಾ ಕತ್ತಿ ಸಿಕ್ಕಿತ್ತು, ಬೆಲೆಯೂ ಕಮ್ಮಿ. ಯಾರ ಕೈಯಿಂದ ಬಂತು ಅಂತ ಕೇಳಿದ್ದಕ್ಕೆ ಮಾರುವವನು ಸಿಡುಕಿದ. ವಾಪಸ್ ಅವನ ಮೇಜಿನ ಮೇಲೇ ಇಟ್ಟು ಬಂದೆ.