ಲಾಕ್ಕಾ ಕೊಲ್ಲಿಯಾಗ ಲಂಗರ ಹಾಕಿದ್ದು

ನಮ್ಮ ಸೋದರಮಾವನ ಊರು ಸುರಪುರ ತಾಲೂಕಿನಾಗ ಕೃಷ್ಣಾ ದಂಡಿಮ್ಯಾಲ ಅದ. ಸಣ್ಣಾವಿದ್ದಾಗ ಸೂಟಿಗೆ ಹೋದ್ರ ಮಾವನ ಹರಗೋಲದಾಗ ಕೂತು ಅವ ಬಲಿ ಬಿಡೋದು ನೋಡ್ತಿದ್ದೆ, ಹರಗೋಲ ನಿಲ್ಲಸಾಕ ಒಂದು ಕಲ್ಲಿಗೆ ಹಗ್ಗ ಕಟ್ಟಿ ನೀರಾಗ ಬಿಡ್ತಿದ್ದ, ಕಲ್ಲು ತಳಕ್ಕ ಹತ್ತಿದ ಮ್ಯಾಲೂ ಹಗ್ಗ ಬಿಡ್ತಾನೇ ಇರ್ತಿದ್ದ. ಯಾಕ ಮಾವ ಇಷ್ಟ್ ಹಗ್ಗ ಅಂದ್ರ "ಹಗ್ಗ ಗಿಡ್ಡ ಆತಂದ್ರ ಕಲ್ಲು ಮ್ಯಾಲ ಏಳ್ತದಪಾ, ಉದ್ದ ಇತ್ತಂದ್ರ ಅಡ್ಡ ಎಳಿತದ" ಅಂತಿದ್ದ. ಯಾಟ್ ಅಂದ್ರ ಹಾಯಿ ಬೋಟ್ ನಡಸೂದು ಕಲಿಯೋ ಕ್ಲಾಸಿನಾಗ ಇದೇ ಮಾತು ಲೆಕ್ಕ ಹಾಕಿ ಹೇಳಿದಾಗ ನನಗ ಮಾವನೇ ನೆನಪಾದ.

ಈಗ ನಾ ಕಲಬುರಗಿಯಾಗ ಇರ್ತೀನಿ. ಹೋದ ವರ್ಷ ನಾವು ನಾಲ್ಕು ಮಂದಿ, ನಾ, ನಮ್ಮ ಮನಿಯಾಕಿ, ದೋಸ್ತ ಮತ್ತ ಅವನ ಹೆಂಡ್ತಿ, ಗ್ರೀಸ್ ದೇಶಕ್ಕ ಹೋಗಿ ಕೊರ್ಫು ದ್ವೀಪದಾಗ 38 ಅಡಿ ಬೋಟ್ ಬಾಡಿಗಿ ತಗೊಂಡಿದ್ವಿ. ಕೊರ್ಫು ದಕ್ಷಿಣಕ್ಕ ಪಾಕ್ಸೋಸ್ ಅಂತ ಸಣ್ಣ ದ್ವೀಪ ಅದ, ಪೂರಾ ಆಲಿವ್ ಗಿಡನೇ. ಅದರ ಉತ್ತರದ ತುದಿಗೆ ಲಾಕ್ಕಾ, ಕುದುರಿ ಲಾಳದಂಗ ಇರೋ ಕೊಲ್ಲಿ, ಬಾಯಿ ಉತ್ತರಕ್ಕ, ಉಳಿದ ಮೂರೂ ಕಡಿ ಗುಡ್ಡ. ಒಳಗ ನೀರು ತಿಳಿ, ಆಳ ಕಮ್ಮಿ, ಜಾಗಾನೂ ಕಮ್ಮಿ. ಚಂದ ಅದ ಅಂತ ಎಲ್ಲಾರೂ ಅಲ್ಲೇ ಬರ್ತಾರ, ತೊಂದ್ರಿ ಇರೋದು ಇಲ್ಲೇ ನೋಡ್ರಿ. ಅಡ್ಡ ಎಳಿಬೇಕಂದ್ರ ಲಂಗರದ ಸರಪಳಿ ಉದ್ದ ಬಿಡಬೇಕು, ಉದ್ದ ಬಿಟ್ರ ಬೋಟ್ ದೊಡ್ಡ ಚಕ್ಕರ ಹೊಡಿತದ, ಚಕ್ಕರದಾಗ ಬ್ಯಾರೇದವರ ಬೋಟೂ ಬರ್ತದ, ದಂಡಿ ಕಡಿ ಆಳ ಇಲ್ಲದ ನೀರೂ ಬರ್ತದ.

ಮಧ್ಯಾಹ್ನ 2ಕ್ಕೇ ಒಳಗ ಹೋದ್ವಿ, ಸಂಜಿ ಆದ್ರ ಜಾಗ ಸಿಗೂದಿಲ್ಲ. ನಾ ಮೊದಲ ಲಂಗರ ಬಿಡಲಿಲ್ಲ. ಬಿಡಬೇಕು ಅನ್ಕೊಂಡ ಜಾಗದ ಸುತ್ತ ನಿಧಾನ ಒಂದು ಸುತ್ತು ಹಾಕಿ ಡೆಪ್ತ್ ಮೀಟರ್ ನೋಡ್ಕೋತ ಹೋದೆ, ಇದು ಮಾತ್ರ ಯಾರೂ ಬಿಡಬಾರದು, ಯಾಕಂದ್ರ ನಡುವ ಆಳ ಇದ್ರ ಸಾಲದು, ರಾತ್ರಿ ಗಾಳಿ ತಿರುಗಿದ್ರ ಬೋಟ್ ಎಲ್ಲಿ ಹೋಗ್ತದೋ ಅಲ್ಲೂ ಇರಬೇಕು. ದಂಡಿ ಕಡಿ ಮೀಟರ್ 0.7 ತೋರಿಸ್ತು, ಸುಮಾರು 15 ಮೀಟರ್ ಹೊರಗ ಸರದ್ವಿ. ಇನ್ನೊಂದು, ಮೀಟರ್ ತೋರ್ಸೋದು ಕೀಲ್ (ಬೋಟಿನ ತಳದಾಗ ಕೆಳಗ ಚಾಚಿರೋ ರೆಕ್ಕಿ) ಕೆಳಗಿನ ನೀರೋ ಮ್ಯಾಲಿಂದ ಪೂರಾ ನೀರೋ ಅಂತ ಬೋಟ್ ತಗೊಳ್ಳೋವಾಗೇ ಕೇಳ್ರಿ. ನಮ್ದು ಕೀಲ್ ಕೆಳಗಿಂದು. 2.1 ಬಂತು, ನಮ್ಮ ಬೋಟ್ ನೀರಾಗ ಮುಳುಗೋದು 1.9, ಅಂದ್ರ ಆಳ 4 ಮೀಟರ್. ಬೋಟಿನ ಮೂತಿ ನೀರಿಂದ 1.2 ಮೀಟರ್ ಮ್ಯಾಲ, ಅದನ್ನೂ ಕೂಡಿಸಬೇಕು, ಭಾಳ ಮಂದಿ ಕೂಡಸೂದಿಲ್ಲ. ಕ್ಲಾಸಿನ ಲೆಕ್ಕದಂಗ 5.2ರ 5 ಪಟ್ಟು, 26 ಮೀಟರ್ ಸರಪಳಿ. ಅಲ್ಲಿ ಸಮುದ್ರ ಏರಿಳಿತ ಭಾಳ ಕಮ್ಮಿ, ಅದಕ್ಕ ಲೆಕ್ಕ ಇಷ್ಟಕ್ಕೇ ಮುಗಿತು, ಉಬ್ಬರ ದೊಡ್ಡದಿದ್ದ ಕಡಿ ಉಬ್ಬರದ ಆಳನೇ ಹಿಡಿಬೇಕು.

ಮನಿಯಾಕಿ ಮೂತಿಮ್ಯಾಲ ವಿಂಡ್‌ಲಾಸ್, ಅಂದ್ರ ಸರಪಳಿ ಬಿಡೋ ಎತ್ತೋ ಯಂತ್ರದ, ಬಟನ್ ಹಿಡ್ಕೊಂಡು ನಿಂತಿದ್ಲು, ಇಂಜಿನ್ ಸಪ್ಪಳದಾಗ ಕೂಗಿದ್ರ ಕೇಳೂದಿಲ್ಲಂತ ಕೈಸನ್ನಿ ಮೊದ್ಲೇ ಮಾತಾಡ್ಕೊಂಡಿದ್ವಿ. ಗಾಳಿಗೆ ಮುಖ ಕೊಟ್ಟು ನಿಲ್ಲಿಸಿದೆ, ಲಂಗರ ಬಿಟ್ಲು, ಬೋಟ್ ಹಿಂದ ಸರದಂಗ ಸರಪಳಿ ಉದ್ದಕ ಬಿಡ್ಕೋತ ಹೋದ್ಲು, ಒಮ್ಮೆಲೇ ಬಿಟ್ರ ಲಂಗರದ ಮ್ಯಾಲೇ ಗುಂಪಿ ಬೀಳ್ತದ. ನಾ ಮೆಲ್ಲಕ ರಿವರ್ಸ್ ಹಾಕಿದೆ. ಆಕಿ ಸರಪಳಿ ಮ್ಯಾಲ ಕಾಲಿಟ್ಟು ನೋಡಿ ಅಡ್ಡ ಕೈ ಆಡಿಸಿದ್ಲು, "ರೀ, ಸರಪಳಿ ದಡದಡ ಅಂತದ್ರಿ." ಹಂಗಾತಂದ್ರ ಲಂಗರ ಹಿಡಿದಿಲ್ಲ, ತಳದಾಗ ಕುಣಕೋತ ಬರಾಕತ್ತದ ಅಂತ. ಎತ್ತಿದ್ವಿ, ಕಡಲಹುಲ್ಲಿನ ದೊಡ್ಡ ಗಂಟೇ ಮ್ಯಾಲ ಬಂತು.

ಅದನ್ನ ನೋಡಿ ನನಗ ಭಾಳ ಕೆಟ್ಟ ಅನಿಸ್ತು. ಆ ಹುಲ್ಲು ಪಾಸಿಡೋನಿಯಾ, ಮೆಡಿಟರೇನಿಯನ್ ಸಮುದ್ರದಾಗ ಭಾಳ ಮೀನಿನ ಮರಿ ಬೆಳೆಯೋದು ಅದರಾಗ, ಅದು ಬೆಳೆಯೋದು ಭಾಳ ಸಾವಕಾಶ, ಒಂದು ಲಂಗರ ಕಿತ್ತಿದ್ದು ತುಂಬಾಕ ವರ್ಷಗಟ್ಲೆ ಬೇಕು. ಮ್ಯಾಲಿಂದ ನೋಡಿದ್ರ ಕಪ್ಪಗ ಕಾಣೋದು ಹುಲ್ಲು, ತಿಳಿ ನೀಲಿ ಕಾಣೋದು ಉಸುಕು. ಬಿಸಿಲು ನೆತ್ತಿಮ್ಯಾಲ ಇದ್ದಾಗ ಇದು ಚೊಲೋ ಕಾಣ್ತದ, ಮಧ್ಯಾಹ್ನ ಹೋಗ್ರಿ ಅನ್ನೋದು ಇದಕ್ಕೂ ಹೌದು. ಎರಡನೇ ಸಲ ತಿಳಿ ಬಣ್ಣದ ಜಾಗದ ನಡುಮಧ್ಯಕ್ಕೇ ಬಿಟ್ವಿ. ಸರಪಳಿ ಬಿಗಿ ಆತು, ಕಾಲಿಗೆ ನಡುಕ ಹತ್ತಲಿಲ್ಲ. ರಿವರ್ಸ್ ಜರಾ ಏರಿಸಿ ಅರ್ಧ ನಿಮಿಷ ಹಿಡದೆ, ದಂಡಿಯ ಒಂದು ಬಿಳಿ ಮನಿ ಮೂಲಿ, ಅದರ ಹಿಂದಿನ ಒಂದು ಗಿಡ, ಎರಡೂ ಒಂದೇ ಗೆರಿಯಾಗ ಇದ್ವು, ಅಂದ್ರ ಬೋಟ್ ಸರದಿಲ್ಲ. ಆಮ್ಯಾಲ ದೋಸ್ತ ಈಜೋ ಕನ್ನಡಕ ಹಾಕ್ಕೊಂಡು ನೀರಿಗೆ ಇಳದು ನೋಡಿ ಬಂದ, ಲಂಗರ ಉಸುಕಿನಾಗ ಪೂರಾ ಹೂತದ ಅಂದ. ಸರಪಳಿಗೆ ನೈಲಾನ್ ಹಗ್ಗದ ಸ್ನಬ್ಬರ್ ಕಟ್ಟಿದ್ವಿ, ಜಗ್ಗಿದಾಗ ಹೊಡತ ವಿಂಡ್‌ಲಾಸಿಗೆ ಬೀಳಬಾರದಂತ. ಬೋಟ್ ಲಂಗರ ಹಾಕ್ಯದ ಅನ್ನೋ ಗುರುತಿಗೆ ಮುಂದ ಕಪ್ಪು ಚೆಂಡು ತೂಗಹಾಕಿದ್ವಿ, ಕತ್ತಲಾದ ಮ್ಯಾಲ ಕಂಬದ ತುದಿಗೆ ಬಿಳಿ ದೀಪ.

ರಾತ್ರಿ ಎರಡರ ಸುಮಾರಿಗೆ ಎಚ್ಚರಾತು. ಹಗಲಿನ ಗಾಳಿ ಸತ್ತುಹೋಗಿತ್ತು, ಎಲ್ಲಾ ಬೋಟೂ ಒಂದೊಂದು ಕಡಿ ಮುಖ ಮಾಡಿ ನಿಂತಿದ್ವು, ಬಾಜೂಕಿನ ಕ್ಯಾಟಮರಾನ್ (ಎರಡು ಒಡಲಿನ ಬೋಟ್) ನಮ್ಮಿಂದ ಹತ್ತೇ ಮೀಟರ್ ದೂರ ಬಂದಿತ್ತು. ಅವರು ನಮ್ಮಕಿಂತ ಮೊದಲ ಬಂದವರು, ಅಂಥ ಕಡಿ ಸರಿಬೇಕಾದವ ಆಮ್ಯಾಲ ಬಂದವ. ಗಾಳಿ ಇದ್ದಿಲ್ಲ, ಅದಕ್ಕ ಸ್ನಬ್ಬರ್ ಬಿಚ್ಚಿ 6 ಮೀಟರ್ ಸರಪಳಿ ಒಳಗ ಎಳಕೊಂಡ್ವಿ, 20 ಉಳಿತು, ಹತ್ತಿರ ಹತ್ತಿರ 4 ಪಟ್ಟು. ಸ್ನಬ್ಬರ್ ಮತ್ತ ಕಟ್ಟಿ, ಗಾಳಿ ಬಂದ್ರ ಮತ್ತ ಬಿಡಬೇಕಂತ ನಾ ಬೆಳತನಕ ಮ್ಯಾಲೇ ಕೂತೆ. ಬರಲಿಲ್ಲ.

ಮುಂಜಾನೆ ಮಾವಗ ವಿಡಿಯೋ ಕಾಲ್ ಹಚ್ಚಿ ತೋರಿಸಿದೆ. ಅವ ಬೋಟ್ ನೋಡ್ಲೇ ಇಲ್ಲ, "ತಳದಾಗ ಏನದ?" ಅಂತ ಕೇಳಿದ. ಉಸುಕು ಮಾವ ಅಂದೆ. "ಎಷ್ಟು ಹಗ್ಗ ಬಿಟ್ಟೀದಿ?" ಅಂದ.