ಮೊದಲು ಸಮತೋಲ, ಲಗಾಮು ಆಮೇಲೆ: ಮಕ್ಕಳಿಗೆ ಕುದುರೆ ಸವಾರಿ ಕಲಿಸುವ ಬಗೆ

ಕುದುರೆಯ ಮೇಲೆ ಮಗುವನ್ನು ಕೂರಿಸಿದೊಡನೆ ಅದರ ಕೈಗೆ ಲಗಾಮು ಕೊಟ್ಟುಬಿಡುವುದು ದೊಡ್ಡವರು ಪ್ರೀತಿಯಿಂದಲೇ ಮಾಡುವ ತಪ್ಪು. ಆಯ ತಪ್ಪಿದ ಮಗು ಕೈಗೆ ಸಿಕ್ಕಿದ್ದನ್ನು ಎಳೆದು ಹಿಡಿಯುತ್ತದೆ. ಲಗಾಮಿನ ಇನ್ನೊಂದು ತುದಿ ಕಡಿವಾಣದಲ್ಲಿರುವುದರಿಂದ ಆ ಎಳೆತ ಕುದುರೆಯ ಬಾಯಿಗೆ ನೋವುಂಟುಮಾಡಿ, ಅದು ತಲೆ ಕೊಡವುತ್ತದೆ ಇಲ್ಲವೇ ಹಿಂದೆ ಸರಿಯುತ್ತದೆ. ಆದ್ದರಿಂದ ಮೊದಲ ಕೆಲವು ವಾರ ಕುದುರೆಯನ್ನು ನಡೆಸುವ ಹಗ್ಗವು ಕಲಿಸುವವರ ಕೈಯಲ್ಲಿರಲಿ.

ಆರೇಳು ವರ್ಷ ತುಂಬಿ, ಹೇಳಿದ ಮಾತು ಕೇಳುವ ಮಗುವಿಗೆ ನಿಯಮಿತ ಪಾಠ ಆರಂಭಿಸಬಹುದು. ಭುಜದ ಎತ್ತರ 148 ಸೆಂ.ಮೀ. ಮೀರದ, ಮಕ್ಕಳ ಒಡನಾಟವಿರುವ, ಪ್ರಾಯ ಕಳೆದ ಶಾಂತ ಪೋನಿಯೇ (ಗಿಡ್ಡ ಕುದುರೆಯೇ) ಲೇಸು. ಸವಾರಿಗೆಂದೇ ಮಾಡಿದ ಹೆಲ್ಮೆಟ್ ಕಡ್ಡಾಯ, ಬೈಕಿನದು ಸಲ್ಲದು. ಪಾದ ರಿಕಾಪಿನೊಳಗೆ (ಜೀನಿನಿಂದ ಇಳಿಬಿದ್ದ, ಕಾಲಿಡುವ ಬಳೆಯೊಳಗೆ) ಜಾರಿ ಸಿಕ್ಕಿಕೊಳ್ಳದಂತೆ ಚಿಕ್ಕ ಹಿಮ್ಮಡಿಯಿರುವ ಬೂಟು ಬೇಕು. ಚಿಕ್ಕಮಗಳೂರಿನಲ್ಲಿ ಜಡಿಮಳೆಯ ತಿಂಗಳುಗಳಲ್ಲಿ ಹುಲ್ಲು, ಕೆಮ್ಮಣ್ಣು ಎರಡೂ ಜಾರುತ್ತವೆ; ನೆಲ ಒಣಗುವವರೆಗೆ ಕಾಯುವುದರಲ್ಲಿ ನಷ್ಟವೇನಿಲ್ಲ.

ಕುದುರೆಗೆ ತನ್ನ ನೇರ ಹಿಂದೆ ಇರುವುದು ಕಾಣಿಸದು. ಹಾಗಾಗಿ ಮಾತನಾಡಿಸುತ್ತ ಎಡ ಭುಜದ ಕಡೆಯಿಂದ ಹತ್ತಿರ ಹೋಗುವುದನ್ನೂ, ಹಗ್ಗವನ್ನು ಕೈಗೆ ಸುತ್ತಿಕೊಳ್ಳದಿರುವುದನ್ನೂ ಹತ್ತುವ ಮೊದಲೇ ಅಭ್ಯಾಸ ಮಾಡಿಸಬೇಕು. ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕೆಲವು ಕುದುರೆಗಳು ಹೊಟ್ಟೆ ಉಬ್ಬಿಸುವುದರಿಂದ, ನಾಲ್ಕು ಹೆಜ್ಜೆ ನಡೆಸಿ ಮತ್ತೊಮ್ಮೆ ಬಿಗಿದೇ ಮಗುವನ್ನು ಹತ್ತಿಸಿ.

ಇನ್ನು ಕೂರುವ ಕ್ರಮ. ಪಕ್ಕದಿಂದ ನೋಡಿದರೆ ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ನೇರದಲ್ಲಿರಬೇಕು. ಹಿಮ್ಮಡಿ ತುಸು ಕೆಳಗಿಳಿದಿರಬೇಕು. ನೋಟ ಕುದುರೆಯ ಕಿವಿಗಳ ನಡುವಿನಿಂದ ಮುಂದಕ್ಕಿರಬೇಕು. ಬಿದ್ದೇನೆಂಬ ಭಯದಲ್ಲಿ ಮಕ್ಕಳು ಮೊಣಕಾಲಿನಿಂದ ಜೀನನ್ನು ಬಿಗಿಹಿಡಿಯುತ್ತಾರೆ, ಆಗ ದೇಹ ಮೇಲಕ್ಕೆ ತಳ್ಳಲ್ಪಟ್ಟು ಇನ್ನಷ್ಟು ಅಲುಗುತ್ತದೆ. ನಾನು ಕಲಿಸಿದ ಏಳು ವರ್ಷದ ಹುಡುಗಿಯೊಬ್ಬಳು ಜೂಲನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳ ಗೆಣ್ಣುಗಳು ಬಿಳಿಚಿಕೊಂಡಿದ್ದವು. ‘ಕೈ ಬಿಡು’ ಎನ್ನಲಿಲ್ಲ. ಒಂದು ಕೈಯಿಂದ ಪೋನಿಯ ಕುತ್ತಿಗೆ ಸವರಲು ಹೇಳಿದೆ, ಬಳಿಕ ಇನ್ನೊಂದು ಕೈಯಿಂದ. ಮೂರನೆಯ ಸುತ್ತಿಗೆ ಅವಳ ಎರಡೂ ತೋಳುಗಳು ರೆಕ್ಕೆಯಂತೆ ಚಾಚಿಕೊಂಡಿದ್ದವು, ಮೊಣಕಾಲು ತಾನಾಗಿ ಸಡಿಲಗೊಂಡಿತ್ತು.

ಸುಮಾರು 20 ಮೀಟರ್ ಅಗಲದ ವೃತ್ತದಲ್ಲಿ ನಡಿಗೆ ನಿರಾಯಾಸವೆನಿಸಿದ ಮೇಲಷ್ಟೇ ಕುಲುಕು ಓಟಕ್ಕೆ (ನಡಿಗೆಗಿಂತ ವೇಗದ ಟ್ರಾಟ್‌ಗೆ) ಹೋಗಿ. ಕುಲುಕಿನ ಲಯಕ್ಕೆ ಎದ್ದು ಕೂರುವುದನ್ನು ಕೈಯ ಆಸರೆಯಿಲ್ಲದೆ ಮಾಡಬಲ್ಲ ಮಗುವಿಗೆ ಲಗಾಮು ಕೊಡಬಹುದು.

ಪಾಠ ಅರ್ಧ ಗಂಟೆ ಮೀರದಿರಲಿ. ಇಳಿಯುವಾಗ ಎರಡೂ ಪಾದಗಳನ್ನು ರಿಕಾಪಿನಿಂದ ಬಿಡಿಸಿ, ಮುಂದಕ್ಕೆ ಬಾಗಿ, ಎಡಕ್ಕೆ ಜಾರಿ, ಮೊಣಕಾಲು ಮಡಿಸಿ ನೆಲ ಮುಟ್ಟಬೇಕು. ಆಮೇಲೆ ಪೋನಿಗೆ ಕ್ಯಾರೆಟ್ ತುಂಡು, ಅಂಗೈ ಚಪ್ಪಟೆಯಾಗಿ ಚಾಚಿ.