ಪೇಢಾ ವಾಪಸ್, ಅಗಸಿ ಹಿಂಡಿ ಪಾಸ್

ಮಗಳು ಮ್ಯೂನಿಕ್‌ಗೆ ಹೋದ ವರ್ಷ ನಾನು ಕಟ್ಟಿದ ಮೊದಲ ಪಾರ್ಸೆಲ್‌ನಲ್ಲಿ ಅಗಸಿ ಹಿಂಡಿ, ಗುರೆಳ್ಳು ಹಿಂಡಿ (ಚಟ್ನಿಪುಡಿಗೆ ನಮ್ಮ ಕಡೆ ಹಿಂಡಿ ಎನ್ನುತ್ತೇವೆ), ಮೇಲೆ ಅರ್ಧ ಕಿಲೋ ಪೇಢಾ. ಧಾರವಾಡದವರು ಪೇಢಾ ಇಡದೆ ಡಬ್ಬಿ ಕಟ್ಟುವುದುಂಟೇ? ಕಸ್ಟಮ್ಸ್ ಫಾರ್ಮಿನಲ್ಲಿ ಎಲ್ಲಕ್ಕೂ ಸೇರಿಸಿ ‘ಫುಡ್ ಐಟಮ್ಸ್’ ಎಂದು ಒಂದೇ ಸಾಲು ಗೀಚಿದ್ದೆ. ಐದು ವಾರದ ಮೇಲೆ ಡಬ್ಬಿ ನಮ್ಮ ಬಾಗಿಲಿಗೇ ವಾಪಸ್ ಬಂತು. ಪೇಢಾಕ್ಕೆ ಬೂಷ್ಟು ಹಿಡಿದಿತ್ತು.

ತಪ್ಪು ನನ್ನದೇ. ಹೊರಗಿನ ದೇಶಗಳಿಂದ ಯುರೋಪ್ ಒಕ್ಕೂಟದವರ ಮನೆಗೆ ಹಾಲಿನ ಪದಾರ್ಥ, ಮಾಂಸ ಅಂಚೆಯಲ್ಲಿ ಕಳಿಸುವಂತಿಲ್ಲ. ತುಪ್ಪವೂ ಹಾಲಿನ ಲೆಕ್ಕವೇ.

ಎರಡನೇ ಸಲ ಫಾರ್ಮಿಗೇ ಒಂದು ಸಂಜೆ ಹಿಡಿಯಿತು. ಸಿಎನ್ 23 ಎನ್ನುವ ಆ ಹಾಳೆಯಲ್ಲಿ ಒಂದೊಂದು ವಸ್ತುವಿಗೂ ಒಂದೊಂದು ಸಾಲು: ಹುರಿದ ಅಗಸೆ ಬೀಜದ ಮಸಾಲೆ ಪುಡಿ, ಎಷ್ಟು ಪೊಟ್ಟಣ, ಎಷ್ಟು ಗ್ರಾಂ, ಎಷ್ಟು ರೂಪಾಯಿ, ಜೊತೆಗೆ ವಸ್ತು ಯಾವ ಬಗೆಯದೆಂದು ಕಸ್ಟಮ್ಸಿಗೆ ಹೇಳುವ ಎಚ್‌ಎಸ್ ಕೋಡ್. ಪಾರ್ಸೆಲ್ ವಿಮಾನ ಹತ್ತುವ ಮೊದಲೇ ಈ ವಿವರ ಕಂಪ್ಯೂಟರಿನಲ್ಲಿ ಆ ದೇಶಕ್ಕೆ ಹೋಗಿರಬೇಕು. ಮನೆಯವರಿಂದ ಮನೆಯವರಿಗೆ ಹೋಗುವ ಉಡುಗೊರೆ 45 ಯೂರೋ ಒಳಗಿದ್ದರೆ ಜರ್ಮನಿಯಲ್ಲಿ ಸುಂಕವಿಲ್ಲ. ಹಾಗೆಂದು ಬೆಲೆ ಇಳಿಸಿ ಬರೆಯಲಿಲ್ಲ. ಹಿಂಡಿಗೆ ಅಷ್ಟು ಬೆಲೆ ಎಲ್ಲಿಂದ ಬರಬೇಕು!

ತೂಕದ್ದೇ ಇನ್ನೊಂದು ಪಜೀತಿ. ವಿದೇಶಿ ಸ್ಪೀಡ್ ಪೋಸ್ಟ್‌ಗೆ 250 ಗ್ರಾಂ ಲೆಕ್ಕದಲ್ಲಿ ದುಡ್ಡು. ಅಡುಗೆಮನೆಯ ತಕ್ಕಡಿ 2 ಕಿಲೋ 30 ಗ್ರಾಂ ತೋರಿಸಿತು. ಮೂವತ್ತು ಗ್ರಾಂಗೆ ಇಡೀ ಕಾಲು ಕಿಲೋ ದರ ಯಾರು ಕೊಡುತ್ತಾರೆ? ಸ್ಟೀಲ್ ಡಬ್ಬಿ ತೆಗೆದು ಎರಡು ಪದರ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಿಂಡಿ ಸುರಿದೆ.

ಕೌಂಟರಿನಲ್ಲಿ ಕೊಟ್ಟ 13 ಅಕ್ಷರದ ಟ್ರ್ಯಾಕಿಂಗ್ ನಂಬರನ್ನು ಮಗಳಿಗೆ ಫೋನಿನಲ್ಲಿ ಹೇಳಿದೆ. “ಅವ್ವಾ, ನಂಬರ್ ತಪ್ಪೈತಿ ಅನ್ನಾಕತ್ತೈತಿ,” ಎಂದಳು. ನೋಡಿದರೆ 1 ಇದ್ದಲ್ಲಿ 7 ಓದಿದ್ದೆ. ನಂಬರಿನ ಆಚೀಚೆ ಎರಡೆರಡು ಇಂಗ್ಲಿಷ್ ಅಕ್ಷರ, ನಡುವೆ ಒಂಬತ್ತು ಅಂಕಿ. ಆ ಅಂಕಿಗಳಲ್ಲಿ ಕೊನೆಯದು ತಪ್ಪು ಹಿಡಿಯುವ ಕಾವಲಿನದು. ಮೊದಲ ಎಂಟನ್ನು ಅನುಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿ, 11ರಿಂದ ಭಾಗಿಸಿ, ಉಳಿದದ್ದನ್ನು 11ರಲ್ಲಿ ಕಳೆದರೆ ಆ ಒಂಬತ್ತನೆಯ ಅಂಕಿ ಬರಬೇಕು (10 ಬಂದರೆ 0, 11 ಬಂದರೆ 5). ಪೆನ್ನು ಹಿಡಿದು ಮಾಡಿಯೂ ನೋಡಿದೆ, ಸರಿ ಬಂತು. 1874ರಲ್ಲಿ ಬರ್ನ್‌ನಲ್ಲಿ ಹುಟ್ಟಿದ ವಿಶ್ವ ಅಂಚೆ ಒಕ್ಕೂಟದ ನಿಯಮ ಇದು. ಅದಕ್ಕೇ ನಮ್ಮ ಅಂಚೆಯ ನಂಬರು ಜರ್ಮನಿಯ ಸೈಟಿನಲ್ಲೂ ನಡೆಯುತ್ತದೆ.

ಬೆಂಗಳೂರಿನ ಫಾರಿನ್ ಪೋಸ್ಟ್ ಆಫೀಸಿನಲ್ಲಿ ಕಸ್ಟಮ್ಸ್ ಮುಗಿದದ್ದು ಕಂಡಿತು. ಆಮೇಲೆ ನಾಲ್ಕು ದಿನ ಸುದ್ದಿಯೇ ಇಲ್ಲ. ನಾನಂತೂ ಕಳೆದೇ ಹೋಯಿತೆಂದು ಕೂತಿದ್ದೆ. ಪಾರ್ಸೆಲ್‌ಗಳನ್ನೆಲ್ಲ ಚೀಲಕ್ಕೆ ತುಂಬಿ ಸೀಲ್ ಮಾಡಿದ ಮೇಲೆ ಸ್ಕ್ಯಾನ್ ಆಗುವುದು ಚೀಲ. ಒಳಗಿನ ನಂಬರಿಗೆ ಮತ್ತೆ ಜೀವ ಬರುವುದು ಫ್ರಾಂಕ್‌ಫರ್ಟ್‌ನಲ್ಲಿ ಚೀಲ ಬಿಚ್ಚಿದಾಗ.

ಹನ್ನೊಂದನೇ ದಿನ ಮಗಳು ಫೋಟೋ ಕಳಿಸಿದಳು. ಡಬ್ಬದ ಒಂದು ಅಂಚು ಸೀಳಿ, ಬೇರೆ ಬಣ್ಣದ ಟೇಪು ಹಚ್ಚಿದ್ದರು. ಹಿಂಡಿಯ ಗಂಟು ಮಾತ್ರ ನಾನು ಕಟ್ಟಿದ್ದ ಹಾಗೇ ಇತ್ತು.